ಪೋಸ್ಟ್‌ಪೇಯ್ಡ್ ಡಿಪಾಸಿಟ್ ವಾಪಸಾತಿ: ಮುಂಬೈಯಲ್ಲಿ ಯಾವ ಬಾಗಿಲು ತಟ್ಟಬೇಕು, ಯಾವುದನ್ನು ಬಿಡಬೇಕು

ಪೋಸ್ಟ್‌ಪೇಯ್ಡ್ ನಂಬರ್ ಕೊಡುವಾಗ, ಐಎಸ್‌ಡಿ ಅಥವಾ ಅಂತಾರಾಷ್ಟ್ರೀಯ ರೋಮಿಂಗ್ ಹಾಕುವಾಗ ಮೊಬೈಲ್ ಕಂಪನಿಗಳು ಸೆಕ್ಯುರಿಟಿ ಡಿಪಾಸಿಟ್ ಎಂದು ಒಂದಷ್ಟು ದುಡ್ಡು ಇಟ್ಟುಕೊಳ್ಳುತ್ತವೆ. ಕಟ್ಟಿಸಿಕೊಳ್ಳುವ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಅದೇ ದುಡ್ಡನ್ನು ವಾಪಸ್ ಕೊಡುವ ಕೆಲಸ ಹೇಗಿದೆ ಎಂಬುದರ ವಿಮರ್ಶೆ ಇದು. ಮುಂಬೈ, ಠಾಣೆ, ಡೊಂಬಿವಲಿ, ನವಿ ಮುಂಬೈ ಕಡೆಯ ಕನ್ನಡಿಗರನ್ನು ಮುಂದಿಟ್ಟುಕೊಂಡು ಬರೆದದ್ದು. ಪುಣೆ, ಗೋವಾದವರಿಗೆ ಲೆಕ್ಕ ಬೇರೆಯಾಗುವ ಕಡೆ ಅದನ್ನೂ ಹೇಳಿದೆ.

ಒಟ್ಟಾರೆ ಅಂಕ ಐದಕ್ಕೆ ಎರಡೂವರೆ. ಆದರೆ ಈ ಸರಾಸರಿಯನ್ನು ನಂಬಿ ಹೊರಡಬೇಡಿ. ಆ್ಯಪ್, ಕಸ್ಟಮರ್ ಕೇರ್, ಗ್ಯಾಲರಿ ಎನ್ನುವ ಕಂಪನಿಯ ಅಂಗಡಿ, ಮೇಲ್ಮನವಿ ಪ್ರಾಧಿಕಾರ ಎಲ್ಲವೂ ಒಂದೇ ಕಂಪನಿಯವಾದರೂ ಒಂದು ಕಡೆ ಹೇಳಿದ್ದು ಇನ್ನೊಂದು ಕಡೆ ಗೊತ್ತಿರುವುದಿಲ್ಲ. ಎಲ್ಲಿ ಯಾವ ಕೆಲಸ ಆಗುತ್ತದೆ ಎಂದು ತಿಳಿದು ಹೋದವರಿಗೆ ದುಡ್ಡು ಬರುತ್ತದೆ. ಬರೀ ಫೋನ್ ಮಾಡುತ್ತ ಕೂತವರಿಗೆ ಡಾಕೆಟ್ ನಂಬರುಗಳಷ್ಟೇ (ದೂರು ದಾಖಲಾದ ಸಂಖ್ಯೆ) ಸಿಗುತ್ತವೆ.

ದುಡ್ಡು ಸಿಕ್ಕಿಬೀಳುವುದು ಎಲ್ಲಿ

ಡಿಪಾಸಿಟ್ ಬಾರದಿದ್ದಾಗ ‘ಕಂಪನಿ ನುಂಗಿಹಾಕಿತು’ ಎಂದು ಬೈಯುವುದು ಸಹಜ. ಆದರೆ ಹೆಚ್ಚಿನ ಪ್ರಕರಣಗಳಲ್ಲಿ ಕಂಪನಿಯ ಕಂಪ್ಯೂಟರಿನಲ್ಲಿ ಆ ಖಾತೆ ಮುಚ್ಚಿಯೇ ಇರುವುದಿಲ್ಲ. ಗ್ರಾಹಕ ಸಿಮ್ ತೆಗೆದು ಡ್ರಾಯರ್‌ಗೆ ಹಾಕಿರುತ್ತಾನೆ, ಬಿಲ್ ಕಟ್ಟುವುದನ್ನು ನಿಲ್ಲಿಸಿರುತ್ತಾನೆ, ‘ಡಿಪಾಸಿಟ್‌ನಲ್ಲಿ ಹಿಡಿದುಕೊಳ್ಳಲಿ’ ಎಂದುಕೊಂಡಿರುತ್ತಾನೆ. ಕಂಪನಿಯ ಲೆಕ್ಕದಲ್ಲಿ ಅದು ಬಾಕಿದಾರನ ಖಾತೆ. ಮೊದಲು ಔಟ್‌ಗೋಯಿಂಗ್ ನಿಲ್ಲುತ್ತದೆ, ಆಮೇಲೆ ಇನ್‌ಕಮಿಂಗ್. ಅಷ್ಟರಲ್ಲಿ ತಿಂಗಳ ಬಾಡಿಗೆ ಏರುತ್ತಾ ಹೋಗಿ ಡಿಪಾಸಿಟ್ ಅದಕ್ಕೇ ಜಮೆಯಾಗಿ ಕರಗಿರುತ್ತದೆ. ‘ಸೇಫ್ ಕಸ್ಟಡಿ’ ಎಂಬ ಸೌಲಭ್ಯವೂ ಹೀಗೆಯೇ. ಊರಿಗೋ ವಿದೇಶಕ್ಕೋ ಹೋಗುವಾಗ ನಂಬರನ್ನು ಕಾದಿರಿಸುವ ವ್ಯವಸ್ಥೆ ಅದು, ಮುಚ್ಚುವ ವ್ಯವಸ್ಥೆ ಅಲ್ಲ.

ಡಿಪಾಸಿಟ್ ವಾಪಸಾತಿಯ ಗಡುವೆಲ್ಲ ಶುರುವಾಗುವುದು ಖಾತೆ ಮುಚ್ಚಿದ ತಾರೀಖಿನಿಂದ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2009ರಲ್ಲಿ ಮಾಡಿದ ಸೇವಾ ಗುಣಮಟ್ಟದ ನಿಯಮದಂತೆ ಮುಚ್ಚಿದ ಮೇಲೆ 60 ದಿನದೊಳಗೆ ಡಿಪಾಸಿಟ್ ಹಿಂತಿರುಗಿಸಬೇಕಿತ್ತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ಆ ಗಡುವು 45 ದಿನಕ್ಕೆ ಇಳಿದಿದೆ. ಮುಚ್ಚಿ ಎಂದು ಕೇಳಿಕೊಂಡ ಮೇಲೆ ಮುಚ್ಚಲು ಕಂಪನಿಗೆ ಇರುವ ಸಮಯ 7 ಕೆಲಸದ ದಿನ. ಮುಚ್ಚಿದ ತಾರೀಖು ಬರಹದಲ್ಲಿ ನಿಮ್ಮ ಕೈಯಲ್ಲಿಲ್ಲದಿದ್ದರೆ ಈ 45 ದಿನವನ್ನು ಎಲ್ಲಿಂದ ಎಣಿಸುವುದು? ‘ಮುಂದಿನ ತಿಂಗಳು ಬರುತ್ತದೆ ಸರ್’ ಎಂದು ಪ್ರತಿ ತಿಂಗಳೂ ಹೇಳಲು ಕಸ್ಟಮರ್ ಕೇರ್‌ಗೆ ಸಾಧ್ಯವಾಗುವುದು ಈ ಕಾರಣಕ್ಕೇ. ಆದ್ದರಿಂದ ಮುಚ್ಚಿದ್ದನ್ನು ತಿಳಿಸುವ ಎಸ್ಸೆಮ್ಮೆಸ್ ಅಥವಾ ಇಮೇಲ್ ಬರುವವರೆಗೆ ಉಳಿದದ್ದನ್ನೆಲ್ಲ ಬದಿಗಿಟ್ಟು ಅದನ್ನೇ ಕೇಳಬೇಕು.

ಮುಚ್ಚುವ ಮುಂಚೆ ಮಾಡಬೇಕಾದದ್ದು

ಮೊದಲು ಬಿಲ್ ತೆಗೆದು ನೋಡಿ. ಮೊದಲ ಅಥವಾ ಎರಡನೇ ಪುಟದಲ್ಲಿ ಖಾತೆ ಸಂಖ್ಯೆ, ಕ್ರೆಡಿಟ್ ಲಿಮಿಟ್ ಇರುವ ಪೆಟ್ಟಿಗೆಯಲ್ಲೇ ‘ಸೆಕ್ಯುರಿಟಿ ಡಿಪಾಸಿಟ್’ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಲ್ಲಿ ಸೊನ್ನೆ ಇದ್ದು ನಿಮ್ಮ ಬಳಿ ರಸೀದಿ ಇದ್ದರೆ, ಜಗಳ ಆಡಬೇಕಾದದ್ದು ಈಗಲೇ, ಖಾತೆ ಜೀವಂತ ಇರುವಾಗ. ಮುಚ್ಚಿದ ಮೇಲೆ ಹಳೆಯ ಡಿಪಾಸಿಟ್ ಹುಡುಕಿಸುವುದು ಬಹಳ ಕಷ್ಟ.

ರಸೀದಿಯಲ್ಲಿ ಇನ್ನೊಂದನ್ನು ನೋಡಿ. ಅದರ ಮೇಲೆ ಶೇ. 18ರ ಜಿಎಸ್‌ಟಿ ಹಾಕಿದ್ದಾರೆಯೇ? ಜಿಎಸ್‌ಟಿ ಕಾಯ್ದೆಯ ಪ್ರಕಾರ ಡಿಪಾಸಿಟ್ ಎಂಬುದು ಸೇವೆಯ ಬೆಲೆಯಲ್ಲ. ಕಂಪನಿ ಅದನ್ನು ಬಿಲ್ಲಿಗೆ ಹೊಂದಿಸಿಕೊಂಡಾಗ ಮಾತ್ರ ಅದು ಬೆಲೆಯಾಗುತ್ತದೆ. ಹಾಗಾಗಿ ನಿಜವಾದ ಡಿಪಾಸಿಟ್‌ನ ರಸೀದಿಯಲ್ಲಿ ತೆರಿಗೆಯ ಸಾಲು ಇರುವುದಿಲ್ಲ. ಇದ್ದರೆ ನೀವು ಕಟ್ಟಿದ್ದು ಆ್ಯಕ್ಟಿವೇಷನ್ ಶುಲ್ಕವೋ ಮುಂಗಡ ಬಾಡಿಗೆಯೋ ಆಗಿರುತ್ತದೆ. ಅದು ವಾಪಸ್ ಬರುವ ದುಡ್ಡಲ್ಲ. ಕಟ್ಟುವಾಗ ಅಂಗಡಿಯವರು ‘ಡಿಪಾಸಿಟ್’ ಎಂದು ಬಾಯಲ್ಲಿ ಹೇಳಿ ಶುಲ್ಕದ ರಸೀದಿ ಕೊಟ್ಟಿದ್ದರೆ ಮೇಲ್ಮನವಿಯಲ್ಲೂ ನಿಲ್ಲುವುದು ಕಷ್ಟ. ಹೊಸದಾಗಿ ಕಟ್ಟುವವರು ಕೌಂಟರ್ ಬಿಡುವ ಮುಂಚೆಯೇ ಈ ಸಾಲನ್ನು ನೋಡಿಕೊಳ್ಳಬೇಕು.

ಮುಂದಿನದು ಎಲ್ಲರೂ ಎಡವುವ ಜಾಗ. ನಂಬರ್ ಮುಚ್ಚಿದ ಮೇಲೆ ಕಂಪನಿಯ ಆ್ಯಪ್ ತೆರೆಯುವುದಿಲ್ಲ, ಏಕೆಂದರೆ ಲಾಗಿನ್‌ನ ಒಟಿಪಿ ಹೋಗುವುದು ಸತ್ತ ಸಿಮ್‌ಗೆ. 198ಕ್ಕೆ ದೂರು ಕೊಡಲೂ ಅದೇ ಕಂಪನಿಯ ಚಾಲ್ತಿ ಸಿಮ್ ಬೇಕು. ಆದ್ದರಿಂದ ಮುಚ್ಚುವ ಮುಂಚೆಯೇ ಕೊನೆಯ ಮೂರು ಬಿಲ್‌ಗಳ ಪಿಡಿಎಫ್ ಇಳಿಸಿಕೊಳ್ಳಿ, ಡಿಪಾಸಿಟ್ ಸಾಲು ಕಾಣುವ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಖಾತೆಗೆ ಬೇರೊಂದು ಮೊಬೈಲ್ ನಂಬರ್ ಮತ್ತು ಇಮೇಲ್ ಸೇರಿಸಿ, ವಿಳಾಸವನ್ನು ಈಗಿನದಕ್ಕೆ ಬದಲಿಸಿ. ಬ್ಯಾಂಕ್, ಯುಪಿಐ, ಆಧಾರ್‌ಗೆ ಆ ನಂಬರ್ ಜೋಡಿಸಿದ್ದರೆ ಅದನ್ನೂ ಬದಲಿಸಿಕೊಳ್ಳಿ. ಮುಚ್ಚಿದ ನಂಬರನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ರಿಫಂಡಿನ ಎಸ್ಸೆಮ್ಮೆಸ್ ಕೂಡ ಯಾರೋ ಅಪರಿಚಿತರ ಕೈಗೆ ಹೋಗುತ್ತದೆ.

ವಿಳಾಸದ ಮಾತು ಮುಂಬೈಯಲ್ಲಿ ಸಣ್ಣದಲ್ಲ. ಇಲ್ಲಿ ಬಾಡಿಗೆ ಮನೆಯ ಕರಾರು 11 ತಿಂಗಳದ್ದು. ನಂಬರ್ ತೆಗೆದುಕೊಂಡಾಗ ಗೋರೆಗಾಂವ್‌ನಲ್ಲಿದ್ದವರು ಮುಚ್ಚುವಾಗ ಡೊಂಬಿವಲಿಯಲ್ಲಿರುತ್ತಾರೆ. ರಿಫಂಡ್ ಚೆಕ್ ಹಳೆಯ ಸೊಸೈಟಿಯ ಗೇಟಿಗೆ ಹೋಗಿ, ವಾಚ್‌ಮನ್ ‘ಆ ಹೆಸರಿನವರು ಇಲ್ಲ’ ಎಂದು ವಾಪಸ್ ಕಳಿಸಿರುತ್ತಾನೆ. ಚೆಕ್ಕಿನ ಆಯುಸ್ಸು ಅದರ ಮೇಲಿನ ತಾರೀಖಿನಿಂದ ಮೂರೇ ತಿಂಗಳು. ಅದು ಕಳೆದರೆ ಹೊಸ ಚೆಕ್ಕಿಗೆ ಅರ್ಜಿ, ಹಳೆಯದು ನಗದಾಗಿಲ್ಲ ಎಂಬ ಖಾತ್ರಿ, ಮತ್ತೆ ಕಾಯುವಿಕೆ. ಚೆಕ್ ಬೇಡ, ನೆಫ್ಟ್ (ಬ್ಯಾಂಕ್ ಖಾತೆಗೆ ನೇರ ವರ್ಗಾವಣೆ) ಮಾಡಿ ಎಂದು ಬರವಣಿಗೆಯಲ್ಲಿ ಕೇಳುವುದೇ ಸರಿ.

ಹೆಸರು, ಖಾತೆ, ಐಎಫ್‌ಎಸ್‌ಸಿ

ನೆಫ್ಟ್‌ಗೆ ಕೇಳುವುದು ಒಂದು ಕ್ಯಾನ್ಸಲ್ ಮಾಡಿದ ಚೆಕ್ ಅಥವಾ ಪಾಸ್‌ಬುಕ್‌ನ ಮೊದಲ ಪುಟ, ಒಂದು ಗುರುತಿನ ದಾಖಲೆ, ಸಹಿ ಹಾಕಿದ ಪತ್ರ. ಕೇಳಲು ಸುಲಭ. ಆದರೆ ಕನ್ನಡಿಗರ ಅರ್ಜಿಗಳು ಇಲ್ಲಿಯೇ ಹೆಚ್ಚು ನಿಲ್ಲುತ್ತವೆ, ಕಾರಣ ಇನಿಷಿಯಲ್. ಮಹಾರಾಷ್ಟ್ರದ ಫಾರಂಗಳಲ್ಲಿ ಮೊದಲು ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಶೆಟ್ಟಿ, ಪೂಜಾರಿ, ಕುಲಕರ್ಣಿ, ಪಾಟೀಲ ಎಂದಿರುವವರಿಗೆ ತೊಂದರೆ ಇಲ್ಲ. ಹಳೆ ಮೈಸೂರು ಕಡೆಯ ‘ಬಿ. ಎಸ್. ಮಂಜುನಾಥ’ ಅವರದು ಮಾತ್ರ ಮೊಬೈಲ್ ಖಾತೆಯಲ್ಲಿ ಒಂದು, ಆಧಾರ್‌ನಲ್ಲಿ ‘ಮಂಜುನಾಥ ಬಿ ಎಸ್’, ಮುಂಬೈ ಬ್ಯಾಂಕ್ ಖಾತೆಯಲ್ಲಿ ‘ಮಂಜುನಾಥ ಶಿವಪ್ಪ ಬಾಳೆಹಳ್ಳಿ’ ಎಂದಾಗಿರುತ್ತದೆ. ಪರಿಶೀಲಿಸುವವರಿಗೆ ಇದು ಮೂರು ಜನ. ಅರ್ಜಿ ತಿರಸ್ಕಾರವಾಗುತ್ತದೆ, ತಿರಸ್ಕಾರದ ಸುದ್ದಿ ಮುಚ್ಚಿದ ನಂಬರಿಗೇ ಹೋಗುತ್ತದೆ. ಪರಿಹಾರವೆಂದರೆ ಮೊಬೈಲ್ ಖಾತೆಯಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದುವ ಬ್ಯಾಂಕ್ ಖಾತೆಯನ್ನೇ ಕೊಡುವುದು. ಊರಿನ ಬ್ಯಾಂಕಿನಲ್ಲಿ ಅಂಥ ಹಳೆಯ ಖಾತೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಸ್ವಯಂ ಘೋಷಣೆಯನ್ನು ಮೊದಲ ಅರ್ಜಿಯ ಜೊತೆಗೇ ಲಗತ್ತಿಸಿ. ಕೇಳಿದ ಮೇಲೆ ಕೊಟ್ಟರಾಯಿತು ಎಂದು ಬಿಡಬೇಡಿ.

ಊರಿನ ಹಳೆಯ ಖಾತೆ ಎಂದಾಗ ಇನ್ನೊಂದು ಎಚ್ಚರ ಬೇಕು. ಕರಾವಳಿಯವರ ಪಾಸ್‌ಬುಕ್‌ಗಳು ಹೆಚ್ಚಾಗಿ ವಿಜಯ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕ್‌ಗಳವು. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್‌ನಲ್ಲಿ ಸೇರಿದವು. ಬ್ಯಾಂಕ್ ಶಾಖೆಯನ್ನು ಗುರುತಿಸುವ ಹಳೆಯ ಐಎಫ್‌ಎಸ್‌ಸಿ ಕೋಡುಗಳು ಈಗ ಸತ್ತಿವೆ. ಹಳೆಯ ಪಾಸ್‌ಬುಕ್‌ನ ಪುಟ ಸ್ಕ್ಯಾನ್ ಮಾಡಿ ಕಳಿಸಿದರೆ ನೆಫ್ಟ್ ಆಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಹಾಗೆ ತಿರುಗಿ ಹೋದ ಹಣ ಕಂಪನಿಯ ಪರದೆಯಲ್ಲಿ ‘ರಿಫಂಡ್ ಪ್ರೊಸೆಸ್ಡ್’ ಎಂದೇ ಕಾಣುತ್ತಿರಬಹುದು. ಹಸಿರು ಟಿಕ್ ನೋಡಿದ ಏಜೆಂಟ್ ‘ನಮ್ಮ ಕಡೆಯಿಂದ ಹೋಗಿದೆ’ ಎನ್ನುತ್ತಾನೆ. ಆಗ ಕೇಳಬೇಕಾದದ್ದು ಯುಟಿಆರ್, ಅಂದರೆ ಆ ವರ್ಗಾವಣೆಯ ಗುರುತಿನ ನಂಬರ್. ನೆಫ್ಟ್‌ನ ಯುಟಿಆರ್‌ನಲ್ಲಿ 16 ಅಕ್ಷರಗಳಿರುತ್ತವೆ. ಅದನ್ನು ನಿಮ್ಮ ಬ್ಯಾಂಕಿಗೆ ಕೊಟ್ಟರೆ ಹಣ ಬಂತೋ ತಿರುಗಿತೋ ಎಂದು ಹೇಳುತ್ತಾರೆ. ಯುಟಿಆರ್ ಕೊಡಲಾಗದ ಕಂಪನಿ ದುಡ್ಡು ಕಳಿಸಿಲ್ಲ ಎಂದೇ ಲೆಕ್ಕ.

ಅಂತಿಮ ಬಿಲ್ಲಿನ ಲೆಕ್ಕ

ಮುಚ್ಚಿದ ಮೇಲೆ ಮುಂದಿನ ಬಿಲ್ ದಿನಕ್ಕೆ ಅಂತಿಮ ಬಿಲ್ ಬರುತ್ತದೆ. ಅದು ಬರುವವರೆಗೆ ಡಿಪಾಸಿಟ್ ಕದಲುವುದಿಲ್ಲ. ಬಿಲ್ ಚಕ್ರ ಶುರುವಾದ ಮರುದಿನ ಮುಚ್ಚಿದರೆ ಹೆಚ್ಚುಕಡಿಮೆ ಒಂದು ತಿಂಗಳು ಸುಮ್ಮನೆ ಕಾಯಬೇಕು. ಹಾಗಾಗಿ ಚಕ್ರದ ಕೊನೆಯ ವಾರದಲ್ಲಿ ಮುಚ್ಚುವುದು ಒಳ್ಳೆಯದು. ವಿದೇಶದಲ್ಲಿ ರೋಮಿಂಗ್ ಬಳಸಿದ್ದರೆ ಅಲ್ಲಿನ ಕಂಪನಿಯ ಲೆಕ್ಕ ತಡವಾಗಿ ಬರುತ್ತದೆ ಎಂಬ ಸಬೂಬಿನಲ್ಲಿ ಸತ್ಯಾಂಶವಿದೆ. ಆದರೆ ಅದಕ್ಕೂ 45 ದಿನ ಸಾಕು.

ಒಂದು ಉದಾಹರಣೆ. ಡಿಪಾಸಿಟ್ ₹2,000, ತಿಂಗಳ ಬಾಡಿಗೆ ₹499, 30 ದಿನದ ಚಕ್ರದಲ್ಲಿ 12ನೇ ದಿನ ಮುಚ್ಚಿದ್ದೀರಿ. ದಿನದ ಲೆಕ್ಕದಲ್ಲಿ ಬಾಡಿಗೆ ₹199.60, ಅದರ ಮೇಲೆ ಶೇ. 18ರ ಜಿಎಸ್‌ಟಿ ₹35.93, ಒಟ್ಟು ₹235.53. ಕೈಗೆ ಬರಬೇಕಾದದ್ದು ₹1,764.47. ಅಂತಿಮ ಬಿಲ್‌ನಲ್ಲಿ ಈ ಮೊತ್ತ ಮೈನಸ್ ಗುರುತಿನೊಡನೆ ಕಾಣಬೇಕು. ಪೂರ್ತಿ ತಿಂಗಳ ಬಾಡಿಗೆ ಹಿಡಿದಿದ್ದರೆ ನಿಮ್ಮ ಪ್ಲಾನಿನ ಷರತ್ತು ಓದಿ; ದಿನದ ಲೆಕ್ಕವಿಲ್ಲ ಎಂದು ಅಲ್ಲಿ ಬರೆದಿಲ್ಲವಾದರೆ ಪ್ರಶ್ನಿಸಿ. ಮೈನಸ್ ಕಾಣದೆ ‘ಕಟ್ಟಬೇಕಾದ ಮೊತ್ತ ₹235.53’ ಎಂದಷ್ಟೇ ಇದ್ದರೆ, ಡಿಪಾಸಿಟ್ ಇನ್ನೂ ಹೊಂದಿಸಿಲ್ಲ ಎಂದರ್ಥ. ಅದನ್ನು ಕಟ್ಟಿಬಿಟ್ಟು ಪೂರ್ತಿ ₹2,000 ಕೇಳುವುದು ಜಗಳ ಬೇಗ ಮುಗಿಸುವ ದಾರಿ. ಕಟ್ಟದೆ ಬಿಟ್ಟರೆ ವಸೂಲಿಯವರ ಫೋನ್ ಶುರುವಾಗುತ್ತದೆ. ಆಟೋ ಪೇ ಇದ್ದರೆ ಅಂತಿಮ ಬಿಲ್ ಕಳೆದ ಮೇಲೆ ಅದನ್ನು ರದ್ದು ಮಾಡಲು ಮರೆಯಬೇಡಿ.

ಗಡುವು ಮೀರಿದರೆ ವರ್ಷಕ್ಕೆ ಶೇ. 10ರ ಬಡ್ಡಿ ಕೊಡುವುದಾಗಿ ಕಂಪನಿಗಳೇ ತಮ್ಮ ಗ್ರಾಹಕ ಸನ್ನದಿನಲ್ಲಿ ಬರೆದುಕೊಂಡಿರುತ್ತವೆ. ನಿಮ್ಮ ಕಂಪನಿಯ ಜಾಲತಾಣದಿಂದ ಆ ಪುಟ ಇಳಿಸಿಕೊಂಡು ಓದಿ. ಮೇಲಿನ ಲೆಕ್ಕದಲ್ಲಿ 90 ದಿನ ತಡವಾದರೆ ಬಡ್ಡಿ ₹43.51. ಮೊತ್ತ ಚಿಕ್ಕದು. ಆದರೆ ಪೈಸೆ ಸಮೇತ ಲೆಕ್ಕ ಹಾಕಿ ಬಡ್ಡಿ ಕೇಳಿದ ಪತ್ರವನ್ನು ಓದುವವರು ಬೇರೆಯೇ ಗಮನದಿಂದ ಓದುತ್ತಾರೆ.

ಬಾಗಿಲುಗಳ ತೂಕ

ಆ್ಯಪ್‌ಗೆ ಐದಕ್ಕೆ ಎರಡು. ಮುಚ್ಚುವ ಆಯ್ಕೆ ಎಲ್ಲೋ ಒಳಗೆ ಹುದುಗಿರುತ್ತದೆ, ಚಾಟ್ ಬಾಟ್ ಹೊಸ ಪ್ಲಾನ್ ತೋರಿಸುತ್ತಲೇ ಇರುತ್ತದೆ. ಬಿಲ್ ಇಳಿಸಲು ಮಾತ್ರ ಒಳ್ಳೆಯದು.

ಕಸ್ಟಮರ್ ಕೇರ್‌ಗೆ ಮೂರು. ಮುಚ್ಚಲು ಫೋನ್ ಮಾಡಿದರೆ ಮೊದಲು ನಿಮ್ಮನ್ನು ಉಳಿಸಿಕೊಳ್ಳುವ ವಿಭಾಗಕ್ಕೆ ಜೋಡಿಸುತ್ತಾರೆ. ಅರ್ಧ ಬಾಡಿಗೆ, ಹೆಚ್ಚು ಡೇಟಾ ಎಂದೆಲ್ಲ ಆಸೆ ತೋರಿಸುತ್ತಾರೆ. ‘ನೋಡೋಣ’ ಎಂದರೂ ಸಾಕು, ಮುಚ್ಚುವ ಕೋರಿಕೆ ರದ್ದಾದಂತೆ ದಾಖಲಾಗಬಹುದು. ‘ಬೇಡ, ಮುಚ್ಚಿ, ಡಾಕೆಟ್ ನಂಬರ್ ಕೊಡಿ’ ಎಂದು ಅಷ್ಟನ್ನೇ ಹೇಳಿ. ದೂರು ದಾಖಲಾದರೆ ಡಾಕೆಟ್ ನಂಬರ್ ಕೊಡಲೇಬೇಕೆಂದು 2012ರ ದೂರು ಪರಿಹಾರ ನಿಯಮ ಹೇಳುತ್ತದೆ. ‘ಕೋರಿಕೆ’ ಎಂದು ದಾಖಲಿಸಿದರೋ ‘ದೂರು’ ಎಂದೋ ಕೇಳಿ ತಿಳಿದುಕೊಳ್ಳಿ. ಮೇಲ್ಮನವಿಗೆ ಹೋಗುವಾಗ ದೂರಿನ ನಂಬರೇ ಬೇಕು.

ಗ್ಯಾಲರಿ ವಿಚಿತ್ರ ಜಾಗ. ಹೆಚ್ಚಿನವನ್ನು ಫ್ರಾಂಚೈಸಿಗಳು ನಡೆಸುತ್ತವೆ. ಅಲ್ಲಿನ ಹುಡುಗರಿಗೆ ಹೊಸ ಕನೆಕ್ಷನ್‌ನ ಗುರಿ ಕೊಟ್ಟಿರುತ್ತಾರೆ, ರಿಫಂಡಿನ ಖಾತೆ ಪುಸ್ತಕ ಅವರ ಕಂಪ್ಯೂಟರಿನಲ್ಲಿ ಕಾಣುವುದೇ ಇಲ್ಲ. ‘ಎಷ್ಟರವರೆಗೆ ಬಂತು’ ಎಂದು ಕೇಳಲು ಲೋಕಲ್ ಹತ್ತಿ ಹೋಗುವುದು ವ್ಯರ್ಥ. ಆದರೆ ಒಂದು ಕೆಲಸಕ್ಕೆ ಗ್ಯಾಲರಿಯಷ್ಟು ಒಳ್ಳೆಯ ಜಾಗ ಬೇರೆಯಿಲ್ಲ. ಮುಚ್ಚುವ ಪತ್ರದ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಪತ್ರದಲ್ಲಿ ಮೊಬೈಲ್ ನಂಬರ್, ಖಾತೆ ಸಂಖ್ಯೆ, ಡಿಪಾಸಿಟ್ ಮೊತ್ತ, ಬ್ಯಾಂಕ್ ವಿವರ, ಬೇರೆ ಸಂಪರ್ಕ ನಂಬರ್ ಎಲ್ಲವೂ ಇರಲಿ. ಸೀಲು ಬಿದ್ದ ಆ ಒಂದು ಹಾಳೆ ಮುಂದೆ ಎಲ್ಲ ಕಡೆ ನಡೆಯುತ್ತದೆ. ಸೀಲು ಹಾಕಲು ಒಪ್ಪದಿದ್ದರೆ ಅಲ್ಲಿಯೇ ನಿಂತು ಅದೇ ಪತ್ರವನ್ನು ಕಂಪನಿಯ ಅಧಿಕೃತ ಇಮೇಲ್‌ಗೆ ಕಳಿಸಿ.

ಇಷ್ಟರಲ್ಲಿ ಅತ್ಯಂತ ಉಪಯುಕ್ತವಾದದ್ದು, ಅತ್ಯಂತ ಕಡಿಮೆ ಜನ ಬಳಸುವುದು ಮೇಲ್ಮನವಿ ಪ್ರಾಧಿಕಾರ. ಐದಕ್ಕೆ ನಾಲ್ಕು. ಪ್ರತಿ ಕಂಪನಿಯೂ ಪ್ರತಿ ಸರ್ಕಲ್‌ಗೆ (ಮೊಬೈಲ್ ಸೇವೆಯ ಪ್ರದೇಶ) ಒಂದನ್ನು ಇಡಬೇಕು, ವಿಳಾಸ ಮತ್ತು ಇಮೇಲ್ ಜಾಲತಾಣದಲ್ಲಿ ಇರಬೇಕು. ದೂರಿನ ಗಡುವು ಮುಗಿದ ಅಥವಾ ಉತ್ತರ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಶುಲ್ಕ ಇಲ್ಲ. 39 ದಿನದೊಳಗೆ ತೀರ್ಮಾನ ಆಗಬೇಕು. ಇಲ್ಲಿ ಕಡತವನ್ನು ಒಬ್ಬರು ಕೂತು ಓದುತ್ತಾರೆ, ಹಾಗಾಗಿ ಕೋಪ ತೋಡಿಕೊಂಡು ಪುಟಗಟ್ಟಲೆ ಬರೆಯಬೇಡಿ. ಮುಚ್ಚಿದ ತಾರೀಖು, ಡಿಪಾಸಿಟ್ ಮೊತ್ತ, ಅಂತಿಮ ಬಿಲ್, ಬಾಕಿ ಬರಬೇಕಾದ ಮೊತ್ತ, ಬಡ್ಡಿ, ಡಾಕೆಟ್ ನಂಬರ್, ಲಗತ್ತುಗಳು. ಒಂದು ಪುಟ ಸಾಕು. ಇಂಗ್ಲಿಷ್, ಹಿಂದಿ ಅಥವಾ ಮರಾಠಿಯಲ್ಲಿ ಬರೆದರೆ ಇಲ್ಲಿ ಬೇಗ ಸಾಗುತ್ತದೆ.

ಸರ್ಕಲ್ ಯಾವುದು ಎಂಬಲ್ಲಿ ತಪ್ಪಿದರೆ ಮೇಲ್ಮನವಿ ವಾರಗಟ್ಟಲೆ ಅಲೆಯುತ್ತದೆ. ಮೊಬೈಲಿಗೆ ಮುಂಬೈ ಸರ್ಕಲ್ ಎಂದರೆ ಮುಂಬೈ, ನವಿ ಮುಂಬೈ, ಕಲ್ಯಾಣ್ ಕಡೆಯ ಪ್ರದೇಶ. ಡೊಂಬಿವಲಿ ಇದರೊಳಗೇ ಬರುತ್ತದೆ. ಪುಣೆ ಮತ್ತು ಗೋವಾ ಎರಡೂ ಮಹಾರಾಷ್ಟ್ರ ಸರ್ಕಲ್‌ನವು. ವಾಸ್ಕೋದಲ್ಲಿ ತೆಗೆದುಕೊಂಡ ನಂಬರಿನ ಮೇಲ್ಮನವಿಯೂ ಅಲ್ಲಿಗೇ ಹೋಗಬೇಕು. ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ತೆಗೆದುಕೊಂಡು ಇಲ್ಲಿ ವರ್ಷಗಟ್ಟಲೆ ಬಳಸಿದ ನಂಬರಿಗೆ ಸರ್ಕಲ್ ಕರ್ನಾಟಕವೇ. ಮುಂಬೈ ಪ್ರಾಧಿಕಾರಕ್ಕೆ ಬರೆದರೆ ‘ನಮ್ಮ ವ್ಯಾಪ್ತಿಯಲ್ಲ’ ಎಂಬ ಉತ್ತರ ಬರುತ್ತದೆ, ಅಷ್ಟರಲ್ಲಿ 30 ದಿನ ಕಳೆದಿರುತ್ತದೆ.

ಟ್ರಾಯ್‌ಗೆ ನೇರವಾಗಿ ಬರೆಯುವವರು ಬಹಳ ಜನ. ಟ್ರಾಯ್ ವೈಯಕ್ತಿಕ ದೂರುಗಳನ್ನು ತೀರ್ಮಾನಿಸುವುದಿಲ್ಲ, ಕಂಪನಿಗೆ ದಾಟಿಸುತ್ತದೆ. ಅದಕ್ಕಿಂತ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಯನ್ನು ಆರಿಸಿ ದಾಖಲಿಸುವುದು ಮೇಲು. 2024ರ ಆಗಸ್ಟ್‌ನ ಮಾರ್ಗಸೂಚಿಯಂತೆ ಅಲ್ಲಿ 21 ದಿನದ ಗುರಿ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಮಾತಾಡಿ ದೂರು ಕೊಡಬಹುದು. ಇಂಗ್ಲಿಷ್ ಬರೆಯಲು ಹಿಂಜರಿಯುವ ಹಿರಿಯರಿಗೆ ಇದನ್ನೇ ಮೊದಲು ಹೇಳಿಕೊಡಬೇಕು.

ಬೇರೆ ಬೇರೆ ಸಂದರ್ಭಗಳು

ನಂಬರ್ ಪೋರ್ಟ್ ಮಾಡಿದವರು ಡಿಪಾಸಿಟ್ ಮರೆತೇಬಿಡುತ್ತಾರೆ. ಪೋರ್ಟ್ ಆದರೆ ಹಳೆಯ ಕಂಪನಿಯ ಖಾತೆ ಮುಚ್ಚಿದಂತೆಯೇ, ಡಿಪಾಸಿಟ್ ಬರಲೇಬೇಕು. ಆದರೆ ಹಳೆಯ ಕಂಪನಿಯ ಅಂತಿಮ ಬಿಲ್ ಕಟ್ಟದೆ ಬಿಡಬೇಡಿ. ಬಾಕಿ ಇದೆ ಎಂದು ಅದು ತಿಳಿಸಿದರೆ ಹೊಸ ಕಂಪನಿಯಲ್ಲೂ ನಂಬರ್ ಕಡಿತವಾಗುವ ವ್ಯವಸ್ಥೆ ಇದೆ. ‘ಡಿಪಾಸಿಟ್ ಇದೆಯಲ್ಲ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಅದೇ ಕಂಪನಿಯಲ್ಲಿ ಪೋಸ್ಟ್‌ಪೇಯ್ಡ್‌ನಿಂದ ಪ್ರೀಪೇಯ್ಡ್‌ಗೆ ಬದಲಾದವರಿಗೂ ಡಿಪಾಸಿಟ್ ಬರಬೇಕು. 2021ರಿಂದ ಈ ಬದಲಾವಣೆ ಒಟಿಪಿಯಲ್ಲೇ ಮುಗಿಯುತ್ತದೆ. ಯಾವ ಫಾರಂ ಕೂಡ ಇಲ್ಲದ್ದರಿಂದ ಬ್ಯಾಂಕ್ ವಿವರ ಯಾರೂ ಕೇಳುವುದಿಲ್ಲ. ನೀವೇ ಕೇಳಿ ಕೊಡಬೇಕು.

ದುಬೈ, ಕುವೈತ್‌ಗೆ ಹೋಗುವಾಗ ರೋಮಿಂಗ್‌ಗೆ ಕಟ್ಟಿದ ಡಿಪಾಸಿಟ್ ವಾಪಸ್ ಪಡೆಯಲು ನಂಬರ್ ಮುಚ್ಚಬೇಕಾಗಿಲ್ಲ. ರೋಮಿಂಗ್ ತೆಗೆಸಿದರೆ ಸಾಕು. ಸಾಮಾನ್ಯವಾಗಿ ಅದನ್ನು ಮುಂದಿನ ಬಿಲ್‌ಗಳಿಗೆ ಹೊಂದಿಸುತ್ತಾರೆ. ಬ್ಯಾಂಕಿಗೇ ಬೇಕಾದರೆ ಬರೆದು ಕೇಳಿ.

ಹೋಟೆಲ್ ಉದ್ಯಮದವರ ಸಮಸ್ಯೆ ಬೇರೆ. ನಂಬರ್ ಹೋಟೆಲಿನ ಹೆಸರಿನಲ್ಲಿರುತ್ತದೆ, ಹೋಟೆಲ್ ಕಂಡಕ್ಟಿಂಗ್‌ಗೆ, ಅಂದರೆ ಕರಾರಿನ ಮೇಲೆ ಬೇರೆಯವರು ನಡೆಸಲು, ಹೋಗಿರುತ್ತದೆ, ಬಿಲ್ ಕಟ್ಟುವವರು ಹಾಗೆ ನಡೆಸುವ ಕಂಡಕ್ಟರ್. ಡಿಪಾಸಿಟ್ ಮಾತ್ರ ಖಾತೆಯಲ್ಲಿ ಯಾರ ಹೆಸರಿದೆಯೋ ಅವರದ್ದು. ಪಾಲುದಾರಿಕೆ ಸಂಸ್ಥೆಯಾದರೆ ಲೆಟರ್‌ಹೆಡ್, ಸೀಲು, ಸಹಿ ಅಧಿಕಾರದ ಪತ್ರ, ಸಂಸ್ಥೆಯ ಹೆಸರಿನ ಚೆಕ್ ಬೇಕು. ಕಂಡಕ್ಟಿಂಗ್ ಕರಾರಿನಲ್ಲೇ ಫೋನ್ ಡಿಪಾಸಿಟ್ ಯಾರಿಗೆ ಎಂದು ಒಂದು ಸಾಲು ಬರೆಸಿಕೊಂಡರೆ ಒಳ್ಳೆಯದು. ನೌಕರಿಯ ಕಂಪನಿ ಕೊಟ್ಟ ನಂಬರಿನಲ್ಲಿ ಡಿಪಾಸಿಟ್ ಆ ಕಂಪನಿಯದು. ತೀರಿಕೊಂಡವರ ನಂಬರಿಗೆ ಮರಣ ಪ್ರಮಾಣಪತ್ರ, ವಾರಸುದಾರರ ಗುರುತು, ಉಳಿದ ವಾರಸುದಾರರ ಒಪ್ಪಿಗೆ ಕೇಳುತ್ತಾರೆ.

ಮುಂಬೈಯ ಹಳೆಯ ಮನೆಗಳಲ್ಲಿ ಎಂಟಿಎನ್‌ಎಲ್ ಲ್ಯಾಂಡ್‌ಲೈನ್ ಡಿಪಾಸಿಟ್ ಇನ್ನೂ ಇರುತ್ತದೆ. ಡೊಂಬಿವಲಿ, ಕಲ್ಯಾಣ್‌ನಲ್ಲಾದರೆ ಅದು ಬಿಎಸ್‌ಎನ್‌ಎಲ್. ಇಲ್ಲಿ ಫೋನ್ ಯಂತ್ರ ಒಪ್ಪಿಸಿ ಅದಕ್ಕೂ ರಸೀದಿ ಪಡೆಯಬೇಕು. ಯಂತ್ರ ಕಳೆದಿದ್ದರೆ ಅದರ ಬೆಲೆ ಕಳೆಯುತ್ತಾರೆ. ಸರ್ಕಾರಿ ಸಂಸ್ಥೆಗಳಾದ್ದರಿಂದ ಖಾಸಗಿ ಕಂಪನಿಯಲ್ಲಿ ಇಲ್ಲದ ಒಂದು ಅಸ್ತ್ರ ಇಲ್ಲಿದೆ. ಅದು ಮಾಹಿತಿ ಹಕ್ಕು. ₹10 ಕಟ್ಟಿ ‘ಈ ಖಾತೆಯ ಡಿಪಾಸಿಟ್ ಕಡತ ಯಾವ ತಾರೀಖಿನಿಂದ ಯಾವ ಅಧಿಕಾರಿಯ ಬಳಿ ಇದೆ’ ಎಂದು ಕೇಳಿದರೆ 30 ದಿನದಲ್ಲಿ ಉತ್ತರ ಕೊಡಲೇಬೇಕು. ಕಡತ ಕದಲುವುದು ಹೆಚ್ಚಾಗಿ ಆ ಉತ್ತರ ಬರೆಯುವ ಹೊತ್ತಿಗೇ.

ಹಚ್, ವೊಡಾಫೋನ್, ಐಡಿಯಾ ಕಾಲದ ರಸೀದಿಗಳಿರುವವರು ಅದೇ ನಂಬರ್ ಇನ್ನೂ ಬಳಸುತ್ತಿದ್ದರೆ ಗಾಬರಿಯಾಗಬೇಕಿಲ್ಲ. 2018ರ ವಿಲೀನದಲ್ಲಿ ಖಾತೆಗಳೊಡನೆ ಹೊಣೆಯೂ ಸಾಗಿ ಬಂದಿದೆ. ಬಿಲ್‌ನಲ್ಲಿ ಆ ಸಾಲು ಇದೆಯೇ ನೋಡಿ. ಎಂದೋ ಮುಚ್ಚಿ ಮರೆತ ನಂಬರಿನ ಡಿಪಾಸಿಟ್ ಮಾತ್ರ ಬೇರೆ ದಾರಿ ಹಿಡಿದಿರುತ್ತದೆ. ಕೇಳುವವರಿಲ್ಲದ ಗ್ರಾಹಕರ ಹಣವನ್ನು ಕಂಪನಿಗಳು ಟ್ರಾಯ್‌ನ ಗ್ರಾಹಕ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಕಟ್ಟಬೇಕೆಂದು 2007ರ ನಿಯಮ ಹೇಳುತ್ತದೆ. ಅಲ್ಲಿಗೆ ಹೋದ ಮೇಲೆ ಬಿಡಿಸಿ ತರುವುದು ಸುಲಭದ ಮಾತಲ್ಲ.

ಮೇಲ್ಮನವಿಯೂ ಫಲ ಕೊಡದಿದ್ದರೆ ಉಳಿದಿರುವುದು ಜಿಲ್ಲಾ ಗ್ರಾಹಕ ಆಯೋಗ. ದೂರವಾಣಿ ವಿವಾದಗಳನ್ನು ಗ್ರಾಹಕ ನ್ಯಾಯಾಲಯ ಕೇಳುವಂತಿಲ್ಲ ಎಂಬ ಹಳೆಯ ತೀರ್ಪನ್ನು ಮುಂದಿಟ್ಟು ಕೆಲವು ವಕೀಲರು ಈಗಲೂ ಹೆದರಿಸುತ್ತಾರೆ. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ವೊಡಾಫೋನ್ ಐಡಿಯಾ ಮತ್ತು ಅಜಯ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ ಆ ಗೊಂದಲವನ್ನು ತೆಗೆದುಹಾಕಿದೆ. ಖಾಸಗಿ ಮೊಬೈಲ್ ಕಂಪನಿಯ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ₹5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಮುಂಬೈ ಉಪನಗರದವರ ಆಯೋಗ ಬಾಂದ್ರಾ ಪೂರ್ವದಲ್ಲಿದೆ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರ ವಾಸಿಸುವ ಜಾಗದಲ್ಲೇ ಪ್ರಕರಣ ಹಾಕಬಹುದು. ಆದ್ದರಿಂದ ಮುಂಬೈ ಬಿಟ್ಟು ಊರಿಗೆ ಬಂದು ನೆಲೆಸಿದವರು ಇಲ್ಲಿನ ಡಿಪಾಸಿಟ್‌ಗಾಗಿ ರೈಲು ಹತ್ತಬೇಕಾಗಿಲ್ಲ, ಉಡುಪಿಯವರಾದರೆ ಉಡುಪಿಯ ಜಿಲ್ಲಾ ಆಯೋಗದಲ್ಲೇ ಸೀಲು ಬಿದ್ದ ಆ ಹಾಳೆಯನ್ನು ಇಟ್ಟು ಕೇಳಬಹುದು.